ರಾಯಬಾಗ ದಾಟಿದ ಮೇಲೆ

ಮಕ್ಕಳಿಗೆ ಹಂಪಿ ತೋರಿಸುತ್ತೇನೆ ಎಂದು ನನ್ನ ಗಂಡ ಬಹಳ ವರ್ಷಗಳಿಂದ ಹೇಳುತ್ತಲೇ ಇದ್ದರು. ಕಳೆದ ದೀಪಾವಳಿಯ ರಜೆಗೆ ಬೋರಗಾಂವದ ನಮ್ಮ ಪವರ್‌ಲೂಮ್ ಶೆಡ್ಡಿಗೆ ಬೀಗ ಹಾಕಿ ಕೊನೆಗೂ ಕಾರು ಹೊರಗೆ ತೆಗೆದರು. ಮೊದಲು ವಿಜಯಪುರ, ಅಲ್ಲಿಂದ ಬಾದಾಮಿ, ಆಮೇಲೆ ಹಂಪಿ. ಅವರ ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ಒಂದು ಕಿಟಕಿಗೆ ಅತ್ತೆ, ಮತ್ತೊಂದಕ್ಕೆ ಐದು ವರ್ಷದ ಮಗ, ನಡುವೆ ಹತ್ತು ವರ್ಷದ ಮಗಳು.

ನಸುಕಿನಲ್ಲೇ ಬಿಡಬೇಕಿದ್ದವರು ಹೊರಟಾಗ ಬಿಸಿಲು ಏರಿತ್ತು. ಚಿಕ್ಕೋಡಿ ಬರುವ ಮೊದಲೇ ಮಗ ವಾಂತಿ ಮಾಡಿಕೊಂಡ. ಅಂಗಿ ಬಿಚ್ಚಿ, ಇದ್ದ ನೀರಿನಲ್ಲಿ ಸೀಟು ಒರೆಸಿದೆವು. ವಾಸನೆ ಹೋಗಲಿಲ್ಲ. ಕಬ್ಬಿನ ಹಂಗಾಮು ಶುರುವಾಗಿತ್ತು. ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಆಮೆಯಂತೆ ಸಾಗಿ ಸಾಗಿ ಎಲ್ಲರ ತಾಳ್ಮೆಯೂ ಮುಗಿದಿತ್ತು. ಗಂಡ ನನ್ನ ಮೇಲೆ ರೇಗಿದರು, ನಾನು ಮಗಳ ಮೇಲೆ ರೇಗಿದೆ.

ರಾಯಬಾಗ ದಾಟಿ ಸ್ವಲ್ಪ ದೂರ ಹೋಗಿರಬೇಕು. ಮಗ ಅಕ್ಕನ ಮೇಲೆ ಒರಗಿದ. ಅವಳು, “ವಾಂತಿ ನಾರಾಕತ್ತೈತಿ, ಅತ್ತಾಗ ಸರಿ” ಎಂದು ಚಿವುಟಿದಳು. ಅವನು ಕಾರಿನ ಛಾವಣಿ ಹಾರಿಹೋಗುವಂತೆ ಕಿರುಚಿದ. ಗಂಡ ಹಿಂದಕ್ಕೆ ತಿರುಗಿ ಕೈ ಎತ್ತಿದರು.

“ಪಪ್ಪಾ, ನಾಯಿ!” ಎಂದು ಮಗಳು ಕೂಗಿದಳು.

ಅಷ್ಟರಲ್ಲಿ ಧಡ್ ಎಂದಿತು.

ಗಂಡ ವೇಗ ಕಡಿಮೆ ಮಾಡಿದರೇ ಹೊರತು ನಿಲ್ಲಿಸಲಿಲ್ಲ. ಅತ್ತೆ ಮುಂದಿನ ಸೀಟು ಹಿಡಿದುಕೊಂಡು, “ಗಾಡಿ ನಿಂದರಸು” ಎಂದರು. ಅವರ ದನಿ ಜೋರಾಗಿರಲಿಲ್ಲ. ಗಾಡಿ ನಿಂತಿತು.

ಕಂದು ಬಣ್ಣದ ಹೆಣ್ಣು ನಾಯಿ. ಹಿಂಗಾಲು ಎರಡೂ ಜಜ್ಜಿಹೋಗಿದ್ದವು. ಮುಂಗಾಲಿನಿಂದ ರಸ್ತೆಯ ಅಂಚಿಗೆ ತೆವಳಲು ನೋಡುತ್ತಿತ್ತು.

“ಇದೇನ ಉಳಿಯೂದಿಲ್ಲವ್ವ. ಮಕ್ಕಳನ್ನ ಗಾಡ್ಯಾಗ ಕೂಡ್ರಸ್ರಿ,” ಎಂದರು ಗಂಡ.

“ಇನ್ನಾ ಜೀವ ಐತಿ. ಬಿಟ್ಟು ಹೆಂಗ ಹೋಗ್ತಿ?” ಎಂದರು ಅತ್ತೆ. ದಾರಿಯಲ್ಲಿ ಊಟಕ್ಕೆ ಹಾಸಲೆಂದು ತಂದಿದ್ದ ಚಾದರವನ್ನು ಆಗಲೇ ಬಿಚ್ಚುತ್ತಿದ್ದರು.

ಗಂಡ ನಾಯಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಮಗ ನನ್ನ ತೊಡೆಗೆ ಬಂದ. ನಾಯಿಯ ತಲೆಯನ್ನು ಮಗಳು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ದಾರಿಯಲ್ಲಿ ಸಿಕ್ಕ ದನದ ದವಾಖಾನೆಗೆ ಬೀಗ ಇತ್ತು. “ಹಬ್ಬದ ಸೂಟಿ ಐತ್ರಿ. ಅಥಣಿಗೆ ಹೋಗಿ ನೋಡ್ರಿ,” ಎಂದ ಎದುರಿನ ಚಹಾ ಅಂಗಡಿಯವನು.

ಅಥಣಿ ಮುಟ್ಟಲಿಲ್ಲ. ನಾಯಿಯ ಉಸಿರು ಬಿಟ್ಟು ಬಿಟ್ಟು ಬರತೊಡಗಿದಾಗ ಅತ್ತೆ ಬಾಗಿ ಅದರ ಕಿವಿಯಲ್ಲಿ ನಮ್ಮ ಜೈನರ ಣಮೋಕಾರ ಮಂತ್ರ ಹೇಳತೊಡಗಿದರು. ಮಾವ ತೀರಿಕೊಂಡಾಗಲೂ ಹೀಗೆಯೇ ಹೇಳಿದ್ದರು. ಅವರ ದನಿ ನಿಂತಾಗ ನಾನು ತಿರುಗಿ ನೋಡಲಿಲ್ಲ.

“ಮಲಗೇತೇನ?” ಎಂದ ಮಗ. ಗಂಡ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತೆಗೆದುಕೊಂಡರು.

ಹೊಲಕ್ಕೆ ನೀರು ಹಾಯಿಸುತ್ತಿದ್ದ ಒಬ್ಬ ರೈತನಿಂದ ಗಂಡ ಸಲಿಕೆ ಕೇಳಿ ತಂದರು. ಆತ ತೋರಿಸಿದ ಬೀಳುಭೂಮಿಯಲ್ಲಿ, ಹಬ್ಬದ ಹೊಸ ಅಂಗಿಯಲ್ಲೇ ಕುಣಿ ತೋಡಿದರು. ನೆಲ ಕಲ್ಲಾಗಿತ್ತು. ಮಣ್ಣು ಮುಚ್ಚುವವರೆಗೂ ಮಗಳು ಅಲ್ಲಾಡದೆ ನಿಂತಿದ್ದಳು. ಆಮೇಲೆ ಅಪ್ಪನ ಎದುರು ಬಂದು, “ನಾ ಚಿವುಟಿದ್ದಕ್ಕ ಆತು,” ಎಂದಳು.

“ಇಲ್ಲ. ಗಾಡಿ ಹೊಡ್ಯಾವ ನಾ. ರಸ್ತಾ ನೋಡಬೇಕಾಗಿದ್ದಾವ ನಾ,” ಎಂದರು ಅವರು. ಅವಳು ನಂಬಿದಂತೆ ಕಾಣಲಿಲ್ಲ.

ಅವಳ ಫ್ರಾಕಿನ ರಕ್ತ ತೊಳೆಯಲು ನಾನು ಕಾಲುವೆಯ ಬಳಿ ಕುಳಿತೆ. ಆಗ ಅವಳು ಮೆಲ್ಲಗೆ ಕೇಳಿದಳು: “ಅದರ ಮೊಲಿಯಾಗ ಹಾಲ ಇತ್ತ ಮಮ್ಮಿ. ಮರಿ ಎಲ್ಲಿ ಅದಾವು?”

ನಾಯಿಯನ್ನು ಎತ್ತುವಾಗಲೇ ನಾನೂ ಅದನ್ನು ನೋಡಿದ್ದೆ. ಅತ್ತೆಯೂ ನೋಡಿದ್ದರು. ನಾವಿಬ್ಬರೂ ಬಾಯಿ ಬಿಟ್ಟಿರಲಿಲ್ಲ. ಗಂಡ ಸಲಿಕೆ ಮರಳಿಸಿ ಬಂದು, ಮಗಳ ಮಾತು ಕೇಳಿ, ವಿಜಯಪುರದ ಕಡೆ ಮುಖ ಮಾಡಿದ್ದ ಕಾರನ್ನು ಹಿಂದಕ್ಕೆ ತಿರುಗಿಸಿದರು.

ಅಪಘಾತವಾದ ಜಾಗದಲ್ಲಿ ರಸ್ತೆಯ ಮೇಲಿನ ಕಲೆ ಒಣಗಿತ್ತು. ಹತ್ತಿರದಲ್ಲೇ ಕಬ್ಬು ಕಡಿಯಲು ಬಂದವರ ಗುಡಿಸಲುಗಳಿದ್ದವು. ಒಲೆ ಹಚ್ಚುತ್ತಿದ್ದ ಹೆಂಗಸೊಬ್ಬಳು ಮರಾಠಿಯಲ್ಲಿ ಹೇಳಿದಳು: ಹೌದು, ಮರಿಗಳಿವೆ, ಇನ್ನೂ ಕಣ್ಣು ಬಿಟ್ಟಿರಲಿಕ್ಕಿಲ್ಲ, ಆ ಕಬ್ಬಿನ ಒಳಗೆ ಎಲ್ಲೋ ಹಾಕಿದೆ. ಅವಳು ಕೈ ಮಾಡಿದ ಕಡೆ ಕಣ್ಣು ಹಾಯುವಷ್ಟು ದೂರವೂ ಆಳೆತ್ತರದ ಕಬ್ಬು.

ಗಂಡ ಸಾಲಿನ ಒಳಗೆ ನುಗ್ಗಿದರು. ಮಗಳು ಹಿಂದೆ ಓಡಿದಳು. ಉದುರಿದ ಒಣ ಎಲೆಯ ರವದಿ ತುಳಿದ ಸದ್ದು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕೇಳುತ್ತಿತ್ತು. ಆಗಾಗ ನಿಂತು ಕಿವಿಗೊಡುತ್ತಿದ್ದರು. ಗಾಳಿಗೆ ಕಬ್ಬಿನ ಗರಿ ಸುಂಯ್ ಎನ್ನುತ್ತಿತ್ತು. ಬೇರೇನೂ ಕೇಳಲಿಲ್ಲ. ಹೊರಬಂದಾಗ ಇಬ್ಬರ ಮುಖ, ಕೈ ತುಂಬ ಗೀರುಗಳು. ಹೊತ್ತು ಇಳಿಯುತ್ತಿತ್ತು. ಹೊತ್ತು ಮುಳುಗಿದ ಮೇಲೆ ಉಣ್ಣದ ಅತ್ತೆ ಅಂದು ಬೆಳಗಿನಿಂದ ಏನನ್ನೂ ಮುಟ್ಟಿರಲಿಲ್ಲ. ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ ಮಗನಿಗಷ್ಟೇ ತಿನ್ನಿಸಿದೆ. ಮಗಳು ಚಪಾತಿಯನ್ನು ಕೈಯಲ್ಲಿ ಹಿಡಿದೇ ಮನೆಯವರೆಗೆ ಬಂದಳು.

ಮರುದಿನ ಗಂಡ ಯಾರಿಗೂ ಹೇಳದೆ ಬೈಕು ತೆಗೆದುಕೊಂಡು ರಾಯಬಾಗದ ಕಡೆ ಹೋದರು. ಮಧ್ಯಾಹ್ನ ಬಂದಾಗ ಮಗಳು ಬಾಗಿಲಿಗೆ ಬಂದು ಅವರ ಖಾಲಿ ಕೈ ನೋಡಿದಳು. ಹಾಗೇ ಒಳಗೆ ಹೋದಳು. ರಜೆ ಇನ್ನೂ ಉಳಿದಿತ್ತು. ಆದರೂ ಅವರು ಶೆಡ್ಡಿನ ಬೀಗ ತೆಗೆದು, ಒಬ್ಬರೇ ಒಂದು ಮಗ್ಗ ಶುರುಮಾಡಿದರು. ಸಂಜೆಯವರೆಗೂ ಅದರ ಸದ್ದು ನಿಲ್ಲಲಿಲ್ಲ.