ನಲವತ್ತಾರರಲ್ಲಿ ಮೋಟಾರ್ ಸೈಕಲ್

ಬಸ್ಸಿನಲ್ಲಿ ಕುಳಿತರೆ ನಾನು ಡ್ರೈವರನ ಕತ್ತನ್ನೇ ನೋಡುತ್ತಿರುತ್ತೇನೆ. ಅದು ಕೊಂಚ ವಾಲಿದರೂ ಅವನಿಗೆ ನಿದ್ದೆ ಬಂತೆಂದು ಎದುರಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಜೆಪ್ಪುವಿನ ಮನೆಯಿಂದ ಕುಲಶೇಖರದ ಶಾಲೆಗೆ ವರ್ಷಗಟ್ಟಲೆ ಹೀಗೆ ಪರರ ಕತ್ತು ಕಾಯುತ್ತ ಹೋದ ಮೇಲೆ ನಲವತ್ತಾರನೆಯ ವಯಸ್ಸಿನಲ್ಲಿ ನನಗೊಂದು ಯೋಚನೆ ಹೊಳೆಯಿತು. ಡ್ರೈವರ್ ನಾನೇ ಆಗಿಬಿಟ್ಟರೆ, ಅವನು ಎಚ್ಚರವಾಗಿದ್ದಾನೋ ಇಲ್ಲವೋ ಎಂಬುದಾದರೂ ಖಚಿತವಾಗಿ ಗೊತ್ತಾಗುತ್ತದಲ್ಲ! ಉಳಿದವರು ಧೈರ್ಯದಿಂದ ಮೋಟಾರ್ ಸೈಕಲ್ ಕೊಳ್ಳುತ್ತಾರೆ. ನಾನು ಹೆದರಿಕೆಯಿಂದ ಕೊಳ್ಳಹೊರಟೆ.

"ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವವರು ನೀವು. ನಿಮಗೆ ಎಂತಕ್ಕೆ ಮಾರಾಯ್ರೇ ಬೈಕು?" ಎಂದಳು ಹೆಂಡತಿ.

ಆ ಕಾಲದಲ್ಲಿ ಹೊಸ ಬೈಕಿಗೆ ಹೆಸರು ಬರೆಸಿ ಕಾಯುತ್ತ ಕುಳಿತರೆ ಅದು ಬರುವಷ್ಟರಲ್ಲಿ ನಾನು ನಿವೃತ್ತನಾಗುತ್ತಿದ್ದೆ. ಆದ್ದರಿಂದ ಅತ್ತಾವರದ ಏರಿನ ತುದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅದ್ರಾಮ ಬ್ಯಾರಿಗಳಲ್ಲಿಗೆ ಹೋದೆ. ಅವರ ಬಳಿ ಮಾರಲು ಎರಡಿದ್ದವು. ಒಂದು ದೊಡ್ಡ ಕಪ್ಪು ವಿಲಾಯತಿ ಬೈಕು. ಇನ್ನೊಂದು ಕುಳ್ಳಗಿನ ಕೆಂಪು ಬೈಕು. ಮನಸ್ಸು ಕಪ್ಪಿನ ಮೇಲೆ. ಹತ್ತಿ ಕುಳಿತೆ. ಎರಡು ಕಾಲೂ ಗಾಳಿಯಲ್ಲಿ ತೂಗಾಡಿದವು.

ನಮ್ಮ ಪುರಾಣದ ದೇವರುಗಳು ವಾಹನ ಆರಿಸುವಾಗ ಕಾಲು ನೆಲಕ್ಕೆ ಎಟಕುತ್ತದೆಯೇ ಎಂದು ಯೋಚಿಸಿದ ಹಾಗೆ ಕಾಣುವುದಿಲ್ಲ. ಗಣಪತಿಯಂತೂ ಆ ಮೈಕಟ್ಟಿಗೆ ಇಲಿಯನ್ನು ಆರಿಸಿಕೊಂಡ. ಎಟಕುವ ಮಾತು ಬಿಡಿ, ಅವನ ಕಾಲು ನೆಲಕ್ಕೆ ಉಜ್ಜುತ್ತಿದ್ದಿರಬೇಕು. ನನಗೆ ಆ ಸ್ವಾತಂತ್ರ್ಯವಿರಲಿಲ್ಲ. ಕಾಲುಗಳೇ ತೀರ್ಮಾನ ಕೊಟ್ಟವು: ಕೆಂಪು.

ಬ್ಯಾರಿಗಳು ತಾವೇ ಮೈದಾನದಲ್ಲಿ ಕಲಿಸಿದರು. ಎಂಟರ ಆಕಾರದಲ್ಲಿ ಸುತ್ತಿ ತೋರಿಸಿದ್ದಕ್ಕೆ ಸರಕಾರ ಲೈಸೆನ್ಸನ್ನೂ ಕೊಟ್ಟಿತು. ಬ್ಯಾರಿಗಳು ಮಾತ್ರ ಬೈಕು ಕೊಡಲಿಲ್ಲ.

"ಮೈದಾನದಲ್ಲಿ ಯಾರು ಬೇಕಾದರೂ ಬೈಕು ಬಿಡ್ತಾರೆ ಮಾಸ್ಟ್ರೇ. ಈ ಊರಲ್ಲಿ ಮೈದಾನ ಎಷ್ಟುಂಟು, ಏರು ಎಷ್ಟುಂಟು? ಅತ್ತಾವರದ ಏರಿನ ನಡುವೆ ನಿಲ್ಲಿಸಿ, ಹಿಂದೆ ಜಾರದೆ ಹೊರಡಿಸಿ ತೋರಿಸಿ."

"ಆಗದಿದ್ದರೆ?"

"ಭಾನುವಾರ ಕಾಸರಗೋಡಿನ ಕಂಟ್ರಾಕ್ಟರರು ಬರ್ತಾರೆ, ಅವರಿಗೆ ಕೊಡ್ತೇನೆ. ನೀವು ಬಿದ್ದು ನಿಮ್ಮ ಮನೆಯವರು ಬಂದು ನನ್ನ ಅಂಗಡಿಯ ಮೆಟ್ಟಿಲಲ್ಲಿ ಕೂತರೆ ನಾನು ಎಂತ ಹೇಳುವುದು?"

ಮಕ್ಕಳಿಗೆ ಪರೀಕ್ಷೆ ಇಡುತ್ತ ಬಂದವನಿಗೆ ಜವಳಿ ಅಂಗಡಿಯವರ ಪರೀಕ್ಷೆ! ಗುರುವಾರ ಸಂಜೆ ನಿಲ್ಲಿಸಿದೆ, ಜಾರಿದೆ. ಶುಕ್ರವಾರ ಜಾರಿ, ಚರಂಡಿಯ ಅಂಚಿನ ತನಕ ಹೋದೆ. ಕ್ಲಚ್ಚು ಬಿಡುವ ಸರಿಯಾದ ಗಳಿಗೆಯಲ್ಲೇ, ಹಿಂದೆ ಯಾರಾದರೂ ಇದ್ದಾರೋ, ಜಾರಿದರೆ ಯಾರ ಮೇಲೆ ಹೋಗುತ್ತೇನೋ ಎಂದು ನನ್ನ ಕತ್ತು ತಾನಾಗಿ ತಿರುಗಿಬಿಡುತ್ತಿತ್ತು.

ಶನಿವಾರ ಕಡೆಯ ಅವಕಾಶ. ನಮ್ಮ ಮನೆಗೆ ಮೀನು ತರುವ ಗಿರಿಜಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಏರು ಹತ್ತುತ್ತಿದ್ದವರು ನಿಂತು ನನ್ನ ಅವಸ್ಥೆ ನೋಡಿದರು.

"ಎಂತ ಮಾಸ್ಟ್ರೇ, ಹಿಂದೆ ಎಂತ ಉಂಟು ನೋಡ್ಲಿಕ್ಕೆ? ನಾನು ಬುಟ್ಟಿ ಹೊತ್ತು ಹೀಗೆ ತಿರುಗಿ ನೋಡಿದರೆ ನಿಮಗೆ ಬಂಗುಡೆ ಸಿಗ್ತದಾ? ಹಿಂದೆ ನಾನು ನೋಡಿಕೊಳ್ತೇನೆ. ನೀವು ಹೋಗಿ!"

ಚಿಂತೆಯನ್ನು ಯಾರಾದರೂ ಹೀಗೆ ವಹಿಸಿಕೊಳ್ಳುತ್ತೇನೆಂದು ಹೇಳಿದ್ದು ನನ್ನ ಜೀವಮಾನದಲ್ಲೇ ಮೊದಲು. ಮುಂದೆ ನೋಡಿದೆ, ಕ್ಲಚ್ಚು ಬಿಟ್ಟೆ. ಬೈಕು ಒಮ್ಮೆ ನಡುಗಿ, ಗುರುಗುಟ್ಟಿ, ಹತ್ತಿತು! ತುದಿಯಲ್ಲಿ ಬ್ಯಾರಿಗಳು ಅಳತೆಗೋಲು ಹಿಡಿದುಕೊಂಡೇ ಹೊರಬಂದು, "ಪಾಸ್!" ಎಂದರು.

ಕಾಗದಪತ್ರ ಮುಗಿಸಿ, ಬೈಕು ನನ್ನದೆಂದಾದ ಮೇಲೆ ನಾನು ಅದನ್ನು ಜೆಪ್ಪುವಿನ ಮನೆಯವರೆಗೆ ತಳ್ಳಿಕೊಂಡೇ ಹೋದೆ.

ಹೆಂಡತಿ ಅಂಗಳಕ್ಕೆ ಬಂದಳು. "ಪೆಟ್ರೋಲು ಇಲ್ವಾ?"

"ಉಂಟು."

"ಮತ್ತೆ?"

"ಎಲ್ಲಿಯಾದರೂ ಬಿದ್ದರೆ ಗೀರಾಗುತ್ತದೆ. ಬ್ಯಾರಿಗಳು ಹೊಸ ಬಣ್ಣ ಹೊಡೆಸಿದ್ದಾರೆ."

ಅವಳು ನಕ್ಕ ನಗೆ ಪಕ್ಕದ ಮನೆಗೂ ಕೇಳಿತು. ಬೆಳಗಿನ ತನಕ ನನ್ನ ಮೂಳೆಯ ಬಗ್ಗೆ ಹೆದರುತ್ತಿದ್ದವನು ಸಂಜೆಗೆ ಬೈಕಿನ ಬಣ್ಣದ ಬಗ್ಗೆ ಹೆದರುತ್ತಿದ್ದೆ. ಬೈಕು ಬಂದರೆ ಚಿಂತೆ ಹೋದೀತೆಂದುಕೊಂಡಿದ್ದೆ; ಹೋಗಲಿಲ್ಲ, ನನ್ನ ಮೇಲಿನಿಂದ ಇಳಿದು ಸೀಟಿನ ಮೇಲೆ ಕುಳಿತುಕೊಂಡಿತು, ಅಷ್ಟೆ. ಆದರೆ ತನ್ನ ಬಗ್ಗೆಯೇ ಚಿಂತಿಸುವುದು ಎಷ್ಟು ಭಾರವೆಂದು ಅದನ್ನು ಇಳಿಸಿದವನಿಗೇ ಗೊತ್ತು. ಅತ್ತಾವರದಿಂದ ಜೆಪ್ಪುವಿನವರೆಗೆ ತಳ್ಳಿದರೂ ನನಗೆ ಒಂದು ಹನಿ ಬೆವರು ಬಂದಿರಲಿಲ್ಲ.