ಮಚ್ಚೆ ದಾಟದ ಬಳೆಗಳು

ನನ್ನ ತಾಯಿಗೆ ಚೊಚ್ಚಲ ಬಸಿರಿನಲ್ಲಿ ಫಿಟ್ಸ್ ಬಂದು ಮಗು ಉಳಿಯಲಿಲ್ಲವಂತೆ. ಅಕ್ಕನಿಗೂ ಹಾಗೇ ಬಂತು, ಅಕ್ಕನೇ ಉಳಿಯಲಿಲ್ಲ. ಅವಳ ಸೀಮಂತದಲ್ಲಿ ಕೈ ಬಾತು, ಬಳೆಗಾರ ಎರಡು ಸಲ ಅಳತೆ ಬದಲಿಸಿದ್ದ. ಮೈ ತುಂಬಿಕೊಂಡಿದೆ ಎಂದು ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ.

ಎಪ್ಪತ್ತರ ದಶಕದ ನಡುವಿನಲ್ಲಿ, ಮದುವೆಯಾಗಿ ಬಾಗೂರಿಗೆ ಬಂದ ನಾನು ಬಸುರಿಯಾದೆ. ಈ ಸಲ ನಗುವುದಿಲ್ಲ ಎಂದು ತೀರ್ಮಾನಿಸಿದೆ. ನನ್ನ ಮುಂಗೈಯಲ್ಲೊಂದು ಮಚ್ಚೆಯಿದೆ. ಸೀಮಂತದ ಹಸಿರು ಬಳೆಗಳನ್ನು ದಿನಾ ಬೆಳಿಗ್ಗೆ, ಒಲೆ ಹಚ್ಚುವ ಮೊದಲು, ಮೊಣಕೈಯತ್ತ ಸರಿಸುತ್ತಿದ್ದೆ. ಮಚ್ಚೆ ದಾಟಿದರೆ ಸರಿ, ಕೈ ಬಾತಿಲ್ಲ. ಹದಿನೈದು ದಿನಕ್ಕೊಮ್ಮೆ, ತೊಳೆದ ಎಣ್ಣೆ ಸೀಸೆಯಲ್ಲಿ ಮೂತ್ರ ಹಿಡಿದು, ಸೆರಗಿನಡಿ ಮುಚ್ಚಿಕೊಂಡು, ಆಸ್ಪತ್ರೆಯ ಡಾಕ್ಟರಮ್ಮನಿಗೆ ತೋರಿಸಲು ಹೊಸದುರ್ಗದ ಬಸ್ಸು ಹತ್ತುತ್ತಿದ್ದೆ.

"ನಮ್ಮನೇಲಿ ಇಂಥದ್ದೆಲ್ಲ ಇಲ್ಲ. ನಿಮ್ಮ ವಂಶದ್ದನ್ನ ಸೀಸೇಲಿ ಹೊತ್ಕಂಡು ತಿರುಗು," ಅನ್ನುತ್ತಿದ್ದರು ಅತ್ತೆ.

ಎಂಟನೇ ತಿಂಗಳಲ್ಲಿ ತವರಿಗೆ ಕಳಿಸಲು ದಿನ ಗೊತ್ತಾಗಿತ್ತು. ಅದಕ್ಕೆ ಮೂರು ದಿನ ಮುಂಚೆ ಬಳೆಗಳು ಮಚ್ಚೆಯ ಕೆಳಗೇ ನಿಂತವು. ತವರಿಗಲ್ಲ, ಆಸ್ಪತ್ರೆಗೆ ಹೋಗುತ್ತೇನೆಂದೆ. ಅತ್ತೆ ಗೊಣಗುತ್ತಲೇ ಜೊತೆಗೆ ಬಂದರು.

ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಮೂತ್ರವನ್ನು ದೀಪದ ಮೇಲೆ ಕಾಯಿಸಿದರು. ಅದು ಗಂಜಿಯಂತೆ ಬೆಳ್ಳಗಾಯಿತು; ಬಿ.ಪಿ.ಯೂ ಏರಿದೆ, ಇದು ಫಿಟ್ಸ್ ಬರುವ ಮುನ್ಸೂಚನೆ ಎಂದರು. ಮನೆಯಲ್ಲಿ ಇನ್ಯಾರಿಗೆ ಹೀಗಾಗಿತ್ತು ಎಂದು ಕೇಳಿದರು. ತಾಯಿ, ಅಕ್ಕನ ವಿಷಯ ಹೇಳಿದೆ. ಅವರು ಅತ್ತೆಯ ಕಡೆ ತಿರುಗಿ, ನಿಮಗೂ ಆಗಿತ್ತೇ ಎಂದರು.

ಅತ್ತೆ ಮೆಲ್ಲಗೆ, "ಇವಳ ಗಂಡನ್ನ ಹಡೆಯೋವಾಗ ನಂಗೂ ಮುಖ ಬಾತಿತ್ತು, ಫಿಟ್ಸು ಬಂದಿತ್ತು. ಯಾರಿಗೂ ಹೇಳಿಲ್ಲ," ಅಂದರು.

"ಇದು ರಕ್ತದಲ್ಲಿ ಎರಡೂ ಕಡೆಯಿಂದ ಬರಬಹುದಮ್ಮ. ಬಂದೇ ಬರುತ್ತೆ ಅಂತಿಲ್ಲ, ಯಾರ ತಪ್ಪೂ ಅಲ್ಲ. ಈಗಲೇ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಹೊರಡಿ," ಎಂದರು ಡಾಕ್ಟರಮ್ಮ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಬಳೆಗಳು ಮಣಿಕಟ್ಟಿಗೆ ಕಚ್ಚಿಕೊಂಡಿದ್ದವು. ತೆಗೆಯಲೇಬೇಕೆಂದರು ನರ್ಸ್. ಹೆರಿಗೆಗೆ ಮುಂಚೆ ಬಸುರಿಯ ಬಳೆ ಒಡೆಯುವುದೆಂದರೆ ನಮ್ಮ ಕಡೆ ಯಾರೂ ಒಪ್ಪರು. ನಾನು ಅತ್ತೆಯ ಮುಖ ನೋಡಿದೆ.

"ಬಳೆ ಹೋದ್ರೆ ಬಳೆಗಾರ ಬರ್ತಾನೆ, ಕೊಡವ್ವ ಕೈ," ಎಂದು ಬಟ್ಟೆ ಸುತ್ತಿ, ಒಂದೊಂದಾಗಿ ತಾವೇ ಒಡೆದರು.

ಎರಡು ವಾರದ ನಂತರ ಮಗಳು ಹುಟ್ಟಿದಳು. ಸಣ್ಣ ಕೂಸು, ಆದರೆ ಗಟ್ಟಿಯಾಗಿ ಅತ್ತಳು.

ಈಗ ಆ ಮಗಳೇ ಮೂರು ತಿಂಗಳ ಬಸುರಿ. ಮೊದಲ ತಪಾಸಣೆಯಲ್ಲೇ ಚೀಟಿಯಲ್ಲಿ ಬರೆಸಿದ್ದೇನೆ: ಅಜ್ಜಿಯರಿಬ್ಬರು, ದೊಡ್ಡಮ್ಮ, ತಾಯಿ. ಅಳಿಯನ ತಾಯಿಯನ್ನೂ ಕೇಳಿದ್ದೇನೆ. ನೆನಪಿಸಿಕೊಂಡು ಹೇಳುತ್ತೇನೆ ಎಂದಿದ್ದಾರೆ. ನಾಳೆ ಮತ್ತೆ ಕೇಳುತ್ತೇನೆ.