ಮೊದಲನೆಯದು ಲೆಕ್ಕಕ್ಕಿಲ್ಲ

ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಕೊರಳಲ್ಲಿ ಅಳತೆಯ ಟೇಪು, ಹೆಗಲಲ್ಲಿ ಬಿಪಿ ಯಂತ್ರದ ಚೀಲ. ಈ ಬಡಾವಣೆಯಲ್ಲಿ ಇಷ್ಟೊಂದು ಜನರ ಹೃದಯ ಯಾಕೆ ಕೈಕೊಡುತ್ತಿದೆ, ಮುಂದೆ ಯಾರಿಗೆ ಅಪಾಯವಿದೆ ಎಂದು ತಿಳಿಯಲು ಆಸ್ಪತ್ರೆಯವರು ಅವಳನ್ನು ಮನೆಮನೆಗೆ ಕಳಿಸಿದ್ದರು. ಸೊಂಟದ ಸುತ್ತಳತೆ ಎಂದೊಡನೆ ಹೆಂಗಸರು ಉಸಿರು ಬಿಗಿಹಿಡಿಯುವರು. ಸಿಗರೇಟು ಸೇದ್ತೀರಾ ಎಂದರೆ ಗಂಡಸರು ಹೆಂಡತಿಯ ಮುಖ ನೋಡುವರು. "ಹೊಟ್ಟೆ ಒಳಗೆಳ್ಕೊಂಡು ನನಗೆ ಮೋಸ ಮಾಡ್ಬಹುದು, ನಿಮ್ಮ ಹೃದಯಕ್ಕೆ ಮಾಡೋಕಾಗಲ್ಲ" ಎಂದು ಗದರುತ್ತಿದ್ದಳು. ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ.

ಬಿಪಿ ನೋಡುವುದಕ್ಕೊಂದು ಕ್ರಮವಿತ್ತು. ಯಂತ್ರ ಕಂಡ ಗಾಬರಿಗೇ ಮೊದಲ ಸಲ ಅಂಕಿ ಏರಿಬಿಡುತ್ತದೆ. ಅದನ್ನು ಬಿಟ್ಟು, ಸ್ವಲ್ಪ ಕೂರಿಸಿ, ಮತ್ತೆ ನೋಡಬೇಕು. "ಮೊದಲನೇದು ಲೆಕ್ಕಕ್ಕಿಲ್ಲ" ಎಂದು ದಿನವಿಡೀ ಹೇಳಿ ಹೇಳಿ ಆ ಮಾತು ಅವಳ ಬಾಯಿಗೆ ಅಂಟಿಕೊಂಡಿತ್ತು.

ಗಂಡ ಕ್ಷೌರಿಕ. ಕೈಗಿಂತ ನಾಲಿಗೆ ಚುರುಕು. "ಊರೋರನ್ನೆಲ್ಲ ಅಳೆದೆ, ಕಟ್ಟಿಕೊಂಡೋನು ನೆನಪಾಗ್ಲಿಲ್ವಾ?" ಎಂದು ಒಂದು ಬೆಳಿಗ್ಗೆ ತೋಳು ಚಾಚಿದ. ಅವಳು ನಗುತ್ತಲೇ ಪಟ್ಟಿ ಸುತ್ತಿದಳು. ಅಂಕಿ ನೋಡಿ ನಗು ನಿಂತಿತು.

"ಏನಂತೆ?"

"ಜಾಸ್ತಿ ಇದೆ. ಮೊದಲನೇದು ಲೆಕ್ಕಕ್ಕಿಲ್ಲ ಬಿಡಿ. ಸುಮ್ನೆ ಕೂತಿರಿ, ಇನ್ನೊಂದ್ಸಲ ನೋಡ್ತೀನಿ."

"ಲೆಕ್ಕಕ್ಕಿಲ್ಲ ಅಂದ್ಮೇಲೆ ಯಾಕೆ ಕೂರ್ಲಿ? ಅಂಗಡಿ ಮುಂದೆ ಗಿರಾಕಿ ಕಾಯ್ತಿರ್ತಾನೆ. ಸಾಯಂಕಾಲ ನೋಡುವಿಯಂತೆ."

ಅವಳು ತಡೆಯಲಿಲ್ಲ. ಬೇರೆಯವರ ಮನೆಯಾಗಿದ್ದರೆ ಕೈಹಿಡಿದು ಕೂರಿಸುತ್ತಿದ್ದಳು. ತನ್ನವನಲ್ಲವೇ, ಎಲ್ಲಿ ಹೋಗುತ್ತಾನೆ ಎಂದುಕೊಂಡಳು. ಸಾಯಂಕಾಲ ಇಬ್ಬರೂ ದಣಿದಿದ್ದರು. ನಾಳೆ, ನಾಡಿದ್ದು ಎಂದು ಮುಂದೆ ಹೋಯಿತು. ವಾರ ಕಳೆಯುವಷ್ಟರಲ್ಲಿ, ಗಿರಾಕಿಯ ಒಂದು ಕೆನ್ನೆ ಕೆರೆದು ಇನ್ನೊಂದಕ್ಕೆ ನೊರೆ ಹಚ್ಚುತ್ತಿದ್ದವನು ಎದೆ ಹಿಡಿದುಕೊಂಡು ಕುರ್ಚಿಯ ಪಕ್ಕ ಕುಸಿದ. ಅರ್ಧ ಗಡ್ಡದ ಗಿರಾಕಿಯೇ ಓಡಿಬಂದು ಅವಳಿಗೆ ಹೇಳಿದ್ದು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಆ ಸಂಕಟವನ್ನು ಏನೆಂದು ಹೇಳುವುದು? ಬೀದಿಗೆಲ್ಲ ಎಚ್ಚರ ಹೇಳಿದವಳಿಗೆ ಮನೆಯಲ್ಲೇ ಮೈಮರೆವಾಗಿತ್ತು. ಬಹಳ ದಿನ ಚೀಲ ಮುಟ್ಟಲಿಲ್ಲ. ಕೊನೆಗೊಂದು ಬೆಳಿಗ್ಗೆ ಹೊರಟಾಗ, ಮೊದಲು ಹೋದದ್ದು ಆ ಗಿರಾಕಿಯ ಮನೆಗೆ. ಅವನ ಅಂಕಿಯೂ ಹೆಚ್ಚೇ ಇತ್ತು.

"ಮೊದಲನೇದು ಲೆಕ್ಕಕ್ಕಿಲ್ಲ ಅಲ್ವಾ ಅಕ್ಕಾ? ಕೆಲಸಕ್ಕೆ ಹೊತ್ತಾಯ್ತು" ಎಂದು ಅವನು ಎದ್ದ.

ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. "ಕೂತ್ಕೋ ತಮ್ಮಾ. ನಮ್ಮೋರೂ ಹೀಗೇ ಎದ್ದು ಹೋದ್ರು."

ಅವನು ಕೂತ. ಇಬ್ಬರೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಅವಳು ಕಣ್ಣೊರೆಸಿಕೊಂಡು ಎರಡನೇ ಸಲ ಪಟ್ಟಿ ಸುತ್ತಿದಳು.